ಲಗ್ನಪತ್ರಿಕೆಗಳು ಹೊಳೆಗೆ ಹೋದ ಆಷಾಢ

ಕಳೆದ ತಿಂಗಳು ಹೊಲಿಗೆ ಯಂತ್ರವನ್ನು ರಿಪೇರಿಗೆ ಕೊಟ್ಟು ನಾಗಮಂಗಲದ ಒಂದು ಸಣ್ಣ ಅಂಗಡಿಯ ಬೆಂಚಿನ ಮೇಲೆ ಕಾಯುತ್ತ ಕೂತಿದ್ದೆ. ರಿಪೇರಿಯವರು ಯಂತ್ರವನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಸವೆದ ಬ್ರಷ್ಷಿನಿಂದ ಉಜ್ಜಿ, ಹಳೇ ಪಂಚೆಯ ತುಂಡಿನ ಮೇಲೆ ಸಾಲಾಗಿ ಇಡುತ್ತಿದ್ದರು. ಈಗ ಸೀಮೆಎಣ್ಣೆ ಸಿಗುವುದೇ ಅಪರೂಪ. ಎಷ್ಟೋ ವರ್ಷಗಳಿಂದ ಆ ವಾಸನೆ ನನ್ನ ಮೂಗಿಗೆ ಬಿದ್ದಿರಲಿಲ್ಲ. ಸೀಮೆಎಣ್ಣೆ, ಕಪ್ಪು ಜಿಡ್ಡು, ಒದ್ದೆ ಲೋಹ. ಎದ್ದು ಹೊರಗೆ ಬಂದು ರಸ್ತೆಯ ಕಡೆ ಮುಖ ಮಾಡಿ ನಿಂತೆ. "ಯಾಕಕ್ಕ, ತಲೆ ಸುತ್ತು ಬಂತಾ?" ಎಂದು ಅವರು ಒಳಗಿಂದ ಕೇಳಿದರು. ಇಲ್ಲ ಎಂದೆ. ನಮ್ಮಪ್ಪ ಸಂಜೆ ಪ್ರೆಸ್ಸಿನಿಂದ ಮನೆಗೆ ಬಂದಾಗ ಬರುತ್ತಿದ್ದ ವಾಸನೆ ಅದು ಎಂದು ಅವರಿಗೆ ಹೇಗೆ ಹೇಳುವುದು?

ಅಪ್ಪ ಶ್ರೀರಂಗಪಟ್ಟಣದ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ, ಕೈಯಲ್ಲಿನ ಪುಟ್ಟ ಪಟ್ಟಿಯಲ್ಲಿ ತಿರುಗುಮುರುಗಾಗಿ ಕೂಡಿಸಿ ಸಾಲು ಮಾಡುವುದು. ಅಚ್ಚಾದ ಮೇಲೆ ಆ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಅವವುಗಳ ಗೂಡಿಗೆ ಹಾಕುವುದು. ಹೆಸರು ಸಿದ್ದೇಗೌಡ, ಊರಿಗೆಲ್ಲ ಪ್ರೆಸ್ಸು ಸಿದ್ದಣ್ಣ. ಕೆ.ಆರ್.ಪೇಟೆ ಕಡೆಯ ಹಳ್ಳಿಯಲ್ಲಿದ್ದ ಜಮೀನನ್ನು ಭಾವನ ಉಸ್ತುವಾರಿಗೆ ಬಿಟ್ಟು, ಇಪ್ಪತ್ತರ ವಯಸ್ಸಿಗೆ ಈ ಕೆಲಸಕ್ಕೆ ಬಂದವರು. ಪಟ್ಟಣ, ಪಾಂಡವಪುರ, ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕಿನ ಜನ ಮದುವೆ ಪತ್ರಿಕೆ ಮಾಡಿಸಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಪತ್ರಿಕೆಯಲ್ಲಿ ಯಾರ ಹೆಸರು ಯಾರ ಮೇಲಿರಬೇಕು ಎಂಬುದು ಸಣ್ಣ ವಿಷಯವಲ್ಲ.

ಒಮ್ಮೆ ನಾನು ಬುತ್ತಿ ಕೊಡಲು ಹೋಗಿದ್ದಾಗ ಒಬ್ಬ ಯಜಮಾನರು ಪತ್ರಿಕೆಯನ್ನು ಬೀಸುತ್ತ ಒಳಗೆ ನುಗ್ಗಿದರು. "ಏನ್ಲಾ ಸಿದ್ದ, ನನ್ನೆಸ್ರ ನಮ್ ತಮ್ಮನ್ ಕೆಳೀಕ್ ಆಕಿದ್ದೀಯಲ್ಲ, ನಾನೇನ್ ಸತ್ತೋಗಿದ್ದೀನಾ?"

ಅಪ್ಪ ಮೊಳೆಯಿಂದ ಕಣ್ಣು ತೆಗೆಯಲಿಲ್ಲ. "ಸತ್ತಿದ್ರೆ ದಿವಂಗತ ಅಂತ ಆಕಿ ಎಲ್ರಿಗಿಂತ ಮ್ಯಾಲಕ್ಕೆ ಕಳಿಸ್ತಿದ್ದೆ ಕಣಣ್ಣ. ಬದುಕಿರೋರಿಗೆ ಎಲ್ಲಿ ಜಾಗ ಅದೆ, ಕೂತ್ಕೊ, ಕಾಪಿ ಕುಡಿ."

ಯಜಮಾನರು ಬಾಯಿ ತೆರೆದವರು ಹಾಗೇ ನಕ್ಕುಬಿಟ್ಟರು. ಆ ಪತ್ರಿಕೆಯನ್ನು ಅಪ್ಪ ಮತ್ತೆ ಜೋಡಿಸಿದರು.

ಪ್ರತಿ ಪತ್ರಿಕೆಯೂ ಅಚ್ಚಾಗುವಾಗ ತಪ್ಪಿಲ್ಲದೆ ಬಂದ ಮೊದಲ ಪ್ರತಿಯನ್ನು ಅಪ್ಪ ತಮಗೆಂದು ತೆಗೆದಿಡುತ್ತಿದ್ದರು. ಮೂವತ್ತೊಂದು ವರ್ಷ ಒಂದೂ ತಪ್ಪಲಿಲ್ಲ. ಮನೆಯ ನಡುಮನೆಯ ಗೋಡೆಗೆ ಬಿಸ್ಕತ್ತಿನ ತಗಡಿನ ಡಬ್ಬಗಳು, ಮಸಿಯ ಖಾಲಿ ಡಬ್ಬಗಳು ಎದೆಮಟ್ಟಕ್ಕೆ ಪೇರಿಸಿದ್ದವು. ಒಳಗೆ ಹುಳ ಬಾರದಂತೆ ಬೇವಿನ ಸೊಪ್ಪು. ಆ ಕಾಲದ ಪತ್ರಿಕೆಗಳು ಹೆಚ್ಚಿನವು ಒಂದೇ ಹಾಳೆಯ ದಪ್ಪ ಕಾರ್ಡುಗಳು. ಅವನ್ನು ಅವರು ವರ್ಷದ ಲೆಕ್ಕದಲ್ಲಾಗಲಿ, ಊರಿನ ಲೆಕ್ಕದಲ್ಲಾಗಲಿ ಇಟ್ಟಿರಲಿಲ್ಲ. ಅಂಚಿನ ಚಿತ್ತಾರದ ಪ್ರಕಾರ ಇಟ್ಟಿದ್ದರು. ಬಳ್ಳಿಯದೊಂದು ಡಬ್ಬ, ಕಳಶದ್ದು ಹಲವು, ಬಾಳೆಕಂಬದ್ದು, ಹಂಸದ್ದು, ನವಿಲಿನದು. ಯಾಕಪ್ಪ ಹೀಗೆ ಎಂದರೆ, "ಯೆಸ್ರು ಅವ್ರದು, ಚಿತ್ತಾರ ನಂದಲ್ವಾ ಮಗ" ಎನ್ನುತ್ತಿದ್ದರು.

ಆಷಾಢದಲ್ಲಿ ಮದುವೆಗಳಿಲ್ಲ, ಪ್ರೆಸ್ಸಿಗೆ ಕೆಲಸ ಕಡಿಮೆ. ವರ್ಷಕ್ಕೊಮ್ಮೆ ಡಬ್ಬಗಳು ಕೆಳಗಿಳಿಯುತ್ತಿದ್ದುದು ಆಗ. ಅಪ್ಪ ಚಾಪೆ ಹಾಸಿ, ಮಳೆಯ ಬೆಳಕಿನಲ್ಲಿ ಒಂದೊಂದನ್ನೇ ತೆಗೆದು ಒರೆಸಿ ಬೇವಿನ ಸೊಪ್ಪು ಬದಲಿಸುತ್ತಿದ್ದರು. ಒಂದು ಸಲ ಪಾಂಡವಪುರದ ಕಡೆಯ ಹೆಂಗಸೊಬ್ಬಳು ತನ್ನ ಮದುವೆಯ ಪತ್ರಿಕೆ ಇದೆಯಾ ಎಂದು ಕೇಳಿಕೊಂಡು ಬಂದಳು. ಅವಳ ಅಪ್ಪನ ಹೆಸರು ಅಚ್ಚಾಗಿದ್ದುದು ಅದೊಂದರಲ್ಲೇ ಅಂತೆ. ಅಪ್ಪ ಹುಡುಕಿ ಕೊಟ್ಟರು. ಆಕೆ ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತಳು. ತಗೊಂಡು ಹೋಗವ್ವ ಎಂದರೆ, "ಬ್ಯಾಡ ಕಣಣ್ಣ, ನಮ್ಮನೇಲಿ ಗೆದ್ಲು ತಿಂದ್ಬುಡ್ತದೆ, ನಿಮ್ಮತ್ರನೇ ಇರ್ಲಿ" ಎಂದು ವಾಪಸು ಕೊಟ್ಟು ಬಸ್ಸಿಗೆ ಹೋದಳು.

ನಾನು ಹೇಳಬೇಕಾದ ಆಷಾಢ ತೊಂಬತ್ತರ ದಶಕದ ನಡುವಿನದು. ಅದಕ್ಕೆ ಎರಡು ವರ್ಷ ಮೊದಲು ನನ್ನ ಮದುವೆ ನಿಂತುಹೋಗಿತ್ತು. ಹುಡುಗ ಪಾಂಡವಪುರದವನು, ಮೇಷ್ಟ್ರು. ಧಾರೆಗೆ ಹನ್ನೆರಡು ದಿನವಿದ್ದಾಗ ಅವನು ಮೈಸೂರಿನಲ್ಲಿ ಬೇರೊಬ್ಬಳನ್ನು ರಿಜಿಸ್ಟರ್ ಮದುವೆಯಾದ ಎಂದು ಸುದ್ದಿ ಬಂತು. ಪತ್ರಿಕೆ ಆಗಲೇ ಅಚ್ಚಾಗಿ ಬಂದಿತ್ತು, ಹಂಚುವುದಿತ್ತು. ನಮ್ಮ ಕಡೆ ನಿಂತ ಮದುವೆಯ ಪತ್ರಿಕೆಯನ್ನು ಮನೆಯಲ್ಲಿಡುವುದಿಲ್ಲ. ಒಲೆಗೂ ಹಾಕುವುದಿಲ್ಲ, ಅದರಲ್ಲಿ ದೇವರ ಹೆಸರಿರುತ್ತದೆ. ಹರಿಯುವ ನೀರಿಗೆ ಬಿಡಬೇಕು. ಅಪ್ಪನ ಅಕ್ಕ, ನಾವು ಪೇಟೆ ಅತ್ತೆ ಎಂದು ಕರೆಯುತ್ತಿದ್ದವರು, ತಾವೇ ಮುಂದೆ ನಿಂತು ಕಟ್ಟುಕಟ್ಟು ಹೊಳೆಗೆ ಬಿಡಿಸಿದ್ದರು.

ಆಮೇಲೆ ಎರಡು ವರ್ಷದಲ್ಲಿ ಆರು ಕಡೆಯವರು ಬಂದು ನನ್ನನ್ನು ನೋಡಿ ಹೋದರು. ಯಾವುದೂ ಕೂಡಿಬರಲಿಲ್ಲ. ಏಳನೆಯವರು ನಾಗಮಂಗಲದವರು, ಶ್ರಾವಣದ ಮೊದಲ ಶುಕ್ರವಾರ ಬರುತ್ತೇವೆ ಎಂದಿದ್ದರು. ಆ ಮಾತುಕತೆ ತಂದವರೂ ಅತ್ತೆಯೇ. ಆಷಾಢದ ಹುಣ್ಣಿಮೆ ಕಳೆದು ಐದು ದಿನಕ್ಕೇ ಅವರು ಕೆಂಪು ಬಸ್ಸಿನಿಂದ ಇಳಿದು, ನೆನೆದ ಸೆರಗು ಹಿಂಡುತ್ತ ನಡುಮನೆಗೆ ಬಂದರು. ಚಾಪೆಯ ಮೇಲೆ ಅಪ್ಪ ಪತ್ರಿಕೆಗಳ ನಡುವೆ ಕೂತಿದ್ದರು. ಪಕ್ಕದಲ್ಲಿ ನಾನು ಬೇವಿನ ಕಡ್ಡಿ ಬಿಡಿಸುತ್ತಿದ್ದೆ.

"ಸದ್ಯ, ಆ ಕೆಟ್ಟ ಪತ್ರಿಕೆ ಒಂದೂ ಉಳೀದಂಗೆ ಒಳೆಗೆ ಬುಟ್ವಲ್ಲ, ಈ ಸಲ ಕಂಕಣ ಕೂಡ್ತದೆ ಬುಡು" ಎಂದರು ಅತ್ತೆ.

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ತಮ್ಮ ಸಂಗ್ರಹದಲ್ಲಿ ಒಂದೂ ತಪ್ಪಿಲ್ಲ ಎಂಬ ಹೆಮ್ಮೆ ಬೇರೆ. "ಒಂದದೆ ಕಣಕ್ಕ" ಎಂದುಬಿಟ್ಟರು. "ಮೊದಲ್ನೇ ಕಾಪಿ. ನಾನೇ ಎತ್ತಿಟ್ಟಿವ್ನಿ."

ಅತ್ತೆ ಕೂತಲ್ಲಿಂದ ಎದ್ದರು. "ಅಯ್ಯೋ ನಿನ್ ಮನೆ ಕಾಯ್ವೋಗ! ಎರಡ್ ವರ್ಸದಿಂದ ನಿನ್ ಮಗಳ ಕತ್ತಿನ್ ಮ್ಯಾಲೆ ಅದನ್ನಿಟ್ಕಂಡು ಕೂತಿದ್ದೀಯೇನ್ಲಾ? ಬಂದೋರೆಲ್ಲ ಯಾಕ್ಲಾ ಎದ್ದೋದ್ರು ಅಂತ ನಾನು ಕಂಡ್ ಕಂಡ್ ದೇವ್ರಿಗೂ ಅರಕೆ ಕಟ್ಕಂಡು ಸಾಯ್ತಾವ್ನಿ!"

ಅಡಿಗೆಮನೆಯಿಂದ ಅವ್ವ ಬಂದು ಬಾಗಿಲಲ್ಲಿ ನಿಂತರು. ಕಣ್ಣು ಒರೆಸಿಕೊಂಡರು, ಅಷ್ಟೆ. ಅಪ್ಪ ಅದನ್ನು ನೋಡಿದರು. "ಆಯ್ತು, ತೆಗೆದ್ಬುಡ್ತೀನಿ. ನವಿಲಿನ ಡಬ್ಬದಲ್ಲದೆ" ಎಂದು ಡಬ್ಬ ಎಳೆದುಕೊಂಡರು.

ನವಿಲಿನ ಡಬ್ಬದಲ್ಲಿ ಅದು ಇರಲಿಲ್ಲ. ಮದುವೆ ನಿಂತ ವಾರವೇ ನಾನು ಅದನ್ನು ತೆಗೆದು ನನ್ನ ಪೆಟ್ಟಿಗೆಯಲ್ಲಿ, ಹಾಸಿದ್ದ ಕಾಗದದ ಕೆಳಗೆ ಇಟ್ಟುಕೊಂಡಿದ್ದೆ. ಹಿಂದಿನ ವರ್ಷದ ಆಷಾಢದಲ್ಲಿ ನವಿಲಿನ ಡಬ್ಬವನ್ನು ಒರೆಸಿದವಳು ನಾನೇ, ಅಪ್ಪನಿಗೆ ಗೊತ್ತಾಗಿರಲಿಲ್ಲ.

ಯಾಕೆ ಇಟ್ಟುಕೊಂಡೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಆ ಪತ್ರಿಕೆಗೆ ಅಪ್ಪ ನಾಲ್ಕು ಸಂಜೆ ಕೂತಿದ್ದರು. ನವಿಲು, ಬಳ್ಳಿ ಎರಡನ್ನೂ ಬೆಸೆದು ಅಂಚು ಕಟ್ಟಿದ್ದರು. ಅಂಥದ್ದನ್ನು ಅವರು ಬೇರೆ ಯಾರಿಗೂ ಮಾಡಿರಲಿಲ್ಲ. ನಡುವೆ ನನ್ನ ಹೆಸರು, ಜಯಲಕ್ಷ್ಮಿ, ಪ್ರೆಸ್ಸಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಮೊಳೆಗಳಲ್ಲಿ. ಅದಕ್ಕಾಗಿ ಇಟ್ಟುಕೊಂಡೆ. ಪಕ್ಕದಲ್ಲಿದ್ದ ಇನ್ನೊಂದು ಹೆಸರಿಗಾಗಿಯೂ ಸ್ವಲ್ಪ ಇರಬಹುದು. ಇಲ್ಲವೆಂದು ಪ್ರಮಾಣ ಮಾಡಲಾರೆ. ಅತ್ತೆ, ಅವ್ವ, ಅಪ್ಪ ಮೂವರ ಎದುರು ಪೆಟ್ಟಿಗೆ ತೆರೆದು ತಂದುಕೊಟ್ಟರೆ, ಓಡಿಹೋದವನ ಹೆಸರನ್ನು ಎರಡು ವರ್ಷ ಸೀರೆಯಡಿ ಇಟ್ಟುಕೊಂಡಿದ್ದವಳು ಎಂದಾಗುತ್ತಿತ್ತು. ಬೇವಿನ ಕಡ್ಡಿ ಬಿಡಿಸುತ್ತಲೇ ಇದ್ದೆ.

ಅಪ್ಪ ಎಂಟು ದಿನ ಹುಡುಕಿದರು. ಹೊರಗೆ ಬಿಡದ ಸೋನೆ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಿದ್ದಾರೆಂದು ಜನ ಹೊಳೆ ನೋಡಲು ಹೋಗುತ್ತಿದ್ದರು. ಅಪ್ಪ ಬಾಗಿಲ ಬೆಳಕಿಗೆ ಬೆನ್ನು ಮಾಡಿ ಕೂತು, ಒಂದೊಂದೇ ಕಾರ್ಡನ್ನು ಎಡಗೈಯಿಂದ ಬಲಗೈಗೆ ದಾಟಿಸುತ್ತಿದ್ದರು. ನವಿಲಿನ ಡಬ್ಬವನ್ನು ಮೂರು ಸಲ, ಬಳ್ಳಿಯದನ್ನು ಮೂರು ಸಲ. ಆಮೇಲೆ ಎಲ್ಲವನ್ನೂ. ನಾಲ್ಕನೆಯ ದಿನ ಊಟಕ್ಕೆ ಕೂತವರು ತುತ್ತನ್ನು ಕೈಯಲ್ಲೇ ಹಿಡಿದು ಅವ್ವನಿಗೆ ಹೇಳಿದರು: "ನವಿಲಿನ ಡಬ್ಬಕ್ಕೆ ಆಕಿದ್ದು ಕಣ್ಣಿಗೆ ಕಟ್ಟಿದಂಗದೆ. ನಂಗೇ ಮರವು ಸುರು ಆಯ್ತೇನೋ ಕಣೆ."

ಮಾರನೆಯ ದಿನ ಪ್ರೆಸ್ಸಿಗೆ ಹೋದವರು ಮಧ್ಯಾಹ್ನವೇ ಬಂದುಬಿಟ್ಟರು. ಯಾವುದೋ ನೋಟೀಸಿನಲ್ಲಿ ಒಂದು ಸಾಲನ್ನು ಎರಡು ಸಲ ಜೋಡಿಸಿದ್ದರಂತೆ. ಮೂವತ್ತೊಂದು ವರ್ಷದಲ್ಲಿ ಹಾಗಾಗಿರಲಿಲ್ಲ. ಮಾಲೀಕರು ಬೈಯದೆ, ಮನೆಗೆ ಹೋಗಿ ಮಲಗು ಸಿದ್ದಣ್ಣ ಎಂದಿದ್ದರಂತೆ. ಅಪ್ಪ ಮಲಗಲಿಲ್ಲ. ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಬೆರಳುಗಳನ್ನೇ ನೋಡುತ್ತಿದ್ದರು.

ಅವರು ಇಲ್ಲದ ಹೊತ್ತಿನಲ್ಲಿ ಕಾರ್ಡನ್ನು ಡಬ್ಬಕ್ಕೆ ತುರುಕಬಹುದಿತ್ತು. ಅವರು ಮನೆ ಬಿಟ್ಟಿದ್ದು ಆ ಒಂದು ಬೆಳಿಗ್ಗೆ ಮಾತ್ರ, ಆಗ ಅವ್ವ ನಡುಮನೆಯಲ್ಲೇ ಅಕ್ಕಿ ಆರಿಸುತ್ತಿದ್ದರು ಎಂದು ಹೇಳಬಲ್ಲೆ. ಅದು ನೆಪ. ಅವ್ವ, ಅತ್ತೆ ಇಬ್ಬರೂ ನೀರಿಗೆ ಹೋದ ಕಾಲು ಗಂಟೆಯಿತ್ತು. ನಾನು ಪೆಟ್ಟಿಗೆಯ ಮುಂದೆ ಕೂತೆ, ಬೀಗ ತೆಗೆದೆ, ಮತ್ತೆ ಹಾಕಿದೆ. ಮೂರು ಸಲ ನೋಡಿದ ಡಬ್ಬದಲ್ಲಿ ನಾಲ್ಕನೆಯ ಸಲ ಸಿಕ್ಕರೆ ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ ಎಂದುಕೊಂಡೆ. ಅತ್ತೆ ಬೇಸತ್ತು ಬಿಟ್ಟುಬಿಡಬಹುದು ಎಂದೂ ಅಂದುಕೊಂಡೆ.

ಅತ್ತೆ ಬಿಡಲಿಲ್ಲ. ಭೀಮನ ಅಮಾವಾಸ್ಯೆ ಹತ್ತಿರ ಬಂದಿತ್ತು. ಮದುವೆಯಾಗದ ಹೆಣ್ಣುಮಕ್ಕಳು ಒಳ್ಳೆ ಗಂಡ ಸಿಗಲೆಂದು ಪೂಜೆ ಮಾಡುವ ದಿನ. "ಅಮಾಸೆಗೆ ಮನೆ ಸುದ್ದಾಗಿರ್ಬೇಕು" ಎಂದರು. "ಅದೊಂದು ಸಿಗ್ನಿಲ್ಲ ಅಂದ್ರೆ ಎಲ್ಲಾನೂ ಒಳೆಗೆ ಬುಡು. ಇವುಗಳೊಳಗೆ ಅದೂ ಓಯ್ತದೆ."

ಹೆಂಚಿನಿಂದ ನೀರು ಇಳಿಯುವ ಸದ್ದು ಕೇಳುತ್ತಿತ್ತು. ಅಪ್ಪ ಆ ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು.

"ನೀನ್ ಏನಂತೀಯ ಮಗ?" ಎಂದರು.

ಅವರು ನನ್ನನ್ನೇ ಕೇಳಿದರು. ಅದನ್ನು ನಾನು ಯಾವತ್ತೂ ಮರೆಯುವ ಹಾಗಿಲ್ಲ. ನಾನು ತಲೆ ತಗ್ಗಿಸಿ, "ನಿಮ್ಮಿಷ್ಟ ಅಪ್ಪ" ಎಂದೆ.

"ಅವಳಿಗಿಂತ ಎಚ್ಚಾ ಇವು" ಎಂದು ಅಪ್ಪ ಎದ್ದು ಗೋಣಿಚೀಲ ತರಲು ಹೋದರು.

ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಜಟಕಾ ಗಾಡಿಯಲ್ಲಿ ನಾಲ್ಕು ಚೀಲ ಹೇರಿಕೊಂಡು ಸ್ನಾನಘಟ್ಟಕ್ಕೆ ಹೋದೆವು. ಮಳೆ ಬಿಟ್ಟಿತ್ತು. ಹೊಳೆ ಕೆಂಪಗೆ, ದಪ್ಪಗೆ, ಮೇಲಿನ ಮೆಟ್ಟಿಲುಗಳವರೆಗೂ ಬಂದಿತ್ತು. ಆಚೆ ಕರಿಘಟ್ಟದ ತಲೆ ಮೋಡದೊಳಗಿತ್ತು. ಕಾರ್ಡು ನನ್ನ ಸೊಂಟದಲ್ಲಿತ್ತು. ಹೊರಡುವ ಮುಂಚೆ ಕೊನೆಗೂ ಪೆಟ್ಟಿಗೆಯಿಂದ ತೆಗೆದು, ಒಂದು ಮಡಿಕೆ ಮಡಿಸಿ, ಸೀರೆಯ ನೆರಿಗೆಯಲ್ಲಿ ಸಿಕ್ಕಿಸಿಕೊಂಡಿದ್ದೆ. ಚೀಲದೊಳಕ್ಕೆ ಜಾರಿಸಿದರೆ ಅಪ್ಪನ ಕೈಗೆ ಸಿಗುತ್ತದೆ, ಮಿಕ್ಕವು ಮನೆಗೆ ಬರುತ್ತವೆ. ಅಷ್ಟೇ ನನ್ನ ಯೋಚನೆ.

ಅಪ್ಪನೂ ಅದನ್ನೇ ಕಾಯುತ್ತಿದ್ದರು. ಚೀಲವನ್ನು ಸುರಿಯಲಿಲ್ಲ. ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಕೈಗೆ ಬಂದಷ್ಟನ್ನು ತೆಗೆದು, ಪ್ರತಿಯೊಂದನ್ನೂ ಓದಿ ನೀರಿಗೆ ಬಿಡತೊಡಗಿದರು.

"ಸುರಿಯೋ ಸುಮ್ಕೆ. ಪಾರಾಯಣ ಮಾಡ್ತಾ ಕೂತವ್ನೆ" ಎಂದರು ಅತ್ತೆ.

"ಸಿಕ್ಕುದ್ರೆ ಉಳಿದಿದ್ದು ಉಳಿತಾವಲ್ಲಕ್ಕ" ಎಂದರು ಅಪ್ಪ. ಸ್ವಲ್ಪ ಹೊತ್ತಿಗೆ ಅತ್ತೆಯೂ ಕೆಳಗಿಳಿದು ಪಕ್ಕದಲ್ಲಿ ಕೂತರು. ಓದಲು ಬಾರದವರು, ನವಿಲು ಕಂಡರೆ ತೋರಿಸುತ್ತಿದ್ದರು: "ಇದಾ ನೋಡು? ಇದಾ?"

"ಅಲ್ಲ ಕಣಕ್ಕ."

ದಪ್ಪ ಕಾರ್ಡುಗಳು ಮುಳುಗಲಿಲ್ಲ. ಗುಲಾಬಿ, ಹಳದಿ, ತಿಳಿನೀಲಿ, ಅಚ್ಚಿನ ಮುಖ ಮೇಲಾಗಿ ಸುಳಿಯಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಸಾಲಾಗಿ ಹೋಗುತ್ತಿದ್ದವು. "ಇದು ಬೋರಣ್ಣನ ಮದ್ವೆ, ಮಳೆಗೆ ಚಪ್ಪರ ಬಿದ್ದೋಗಿತ್ತು" ಎನ್ನುತ್ತಿದ್ದರು ಅಪ್ಪ. "ಇದ್ರಲ್ಲಿ ಗಂಡಿನ ಸೋದರಮಾವನ ಯೆಸ್ರು ಬುಟ್ಟೋಗಿ ಎರಡನೇ ಸಲ ಅಚ್ಚಾಕ್ಸಿದ್ರು." ಒಂದು ಕಾರ್ಡನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು. ಅದು ಗೆದ್ದಲಿಗೆ ಹೆದರಿ ನಮ್ಮಲ್ಲೇ ಬಿಟ್ಟುಹೋದ ಆ ಹೆಂಗಸಿನದು. ಅದನ್ನು ಎಸೆಯಲಿಲ್ಲ, ಬಗ್ಗಿ ನೀರಿನ ಮೇಲೆ ಮಲಗಿಸಿದರು.

ಕೊನೆಯ ಚೀಲ ಅರ್ಧವಾಗಿದ್ದಾಗ ಅಪ್ಪ ಮುಖ ತೊಳೆಯಲು ನೀರಿಗೆ ಬಗ್ಗಿದರು. ಅತ್ತೆ ಜಟಕಾದವನ ಜೊತೆ ಮಾತಾಡಲು ಮೇಲೆ ಹತ್ತಿದ್ದರು. ಚೀಲದ ಬಾಯಿ ನನ್ನ ಕಡೆಗಿತ್ತು. ನಾನು ನೆರಿಗೆಯಿಂದ ಕಾರ್ಡು ತೆಗೆದೆ. ನಡುವೆ, ನನ್ನ ಹೆಸರಿನ ಮೇಲೆ ಹಾದು, ಬಿಳಿಯ ಗೆರೆ ಮೂಡಿತ್ತು. ಬೆವರಿಗೆ ಒಂದು ಅಂಚು ಮೆತ್ತಗಾಗಿತ್ತು. ಅಪ್ಪನ ಡಬ್ಬಗಳಲ್ಲಿ ಮಡಿಕೆ ಬಿದ್ದ ಪತ್ರಿಕೆ ಒಂದೂ ಇರಲಿಲ್ಲ. ಮುಟ್ಟಿದ ಕೂಡಲೇ ಅವರಿಗೆ ಗೊತ್ತಾಗುತ್ತಿತ್ತು, ಇದು ಚೀಲದೊಳಗಿಂದ ಬಂದದ್ದಲ್ಲ ಎಂದು.

ಗೊತ್ತಾದರೆ ಏನಾಗುತ್ತಿತ್ತು? ಈಗ ಯೋಚಿಸಿದರೆ ಏನೂ ಆಗುತ್ತಿರಲಿಲ್ಲ. ಅರ್ಧ ಚೀಲ ಮನೆಗೆ ಬರುತ್ತಿತ್ತು. ಆದರೆ ಆಗ ನನಗೆ ಇಪ್ಪತ್ತಮೂರು ವಯಸ್ಸು, ನನ್ನ ಮಾನವೆಲ್ಲ ಆ ಬಿಳಿ ಗೆರೆಯ ಮೇಲೇ ನಿಂತಿದೆ ಎನಿಸಿತ್ತು. ಕಾರ್ಡನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದೆ. ಅಪ್ಪ ಮುಖ ಒರೆಸಿಕೊಂಡು ಬಂದು ಕೂತರು.

ಖಾಲಿಯಾದ ಚೀಲವನ್ನು ಅವರು ತಿರುವಿ ಕೊಡವಿದರು. ಬೇವಿನ ಒಣಎಲೆ ಉದುರಿತು. "ಬರ್ನಿಲ್ಲ" ಎಂದರು.

ಮಾರನೆಯ ದಿನ ಬೆಳಿಗ್ಗೆ, ಪೂಜೆಗೆ ತಲೆಗೆ ಹಾಕಿಕೊಳ್ಳಲು ನೀರು ಕಾಯಿಸುವಾಗ, ಅದನ್ನು ಬಚ್ಚಲೊಲೆಗೆ ಹಾಕಿದೆ. ಯಾರ ಕಣ್ಣಿಗಾದರೂ ಬಿದ್ದರೆ, ಇಷ್ಟೆಲ್ಲ ಹೊಳೆಗೆ ಹೋದದ್ದು ಯಾಕೆಂದು ತಿಳಿದುಹೋಗುತ್ತದೆ ಎಂಬ ಹೆದರಿಕೆ. ದೇವರ ಹೆಸರಿದ್ದುದು ನೆನಪಾಯಿತು. ಕಣ್ಣು ಮುಚ್ಚಿಕೊಂಡು ಹಾಕಿದೆ. ಮಸಿ ಹಚ್ಚಿದ ಕಾರ್ಡು ಬೇಗ ಉರಿಯುತ್ತದೆ.

ನಾಗಮಂಗಲದವರು ಬಂದರು, ಒಪ್ಪಿದರು. ಅತ್ತೆ ಕೈ ಮುಗಿದು, "ನಾನ್ ಏಳ್ನಿಲ್ವಾ?" ಎಂದು ಎಲ್ಲರ ಮುಖ ನೋಡಿದರು. ಅಪ್ಪನೂ ತಲೆಯಾಡಿಸಿದರು. ಕಾರ್ತಿಕದಲ್ಲಿ ಮದುವೆ ಗೊತ್ತಾಯಿತು. ನನ್ನ ಪತ್ರಿಕೆಯನ್ನು ಎರಡನೆಯ ಸಲ ಅಪ್ಪನೇ ಜೋಡಿಸಿದರು. ಅಂಚಿಗೆ ಸಾದಾ ಗೆರೆ ಹಾಕಿದ್ದರು.

ಕಟ್ಟುಗಳು ಮನೆಗೆ ಬಂದ ಮಧ್ಯಾಹ್ನ ಅವ್ವ ಅರಿಶಿನ ಕಲಸಿ ಬಟ್ಟಲಲ್ಲಿಟ್ಟು ಪಕ್ಕದ ಮನೆಗೆ ಹೋಗಿದ್ದರು. ನಾನು, ಅಪ್ಪ ಇಬ್ಬರೇ ನಡುಮನೆಯಲ್ಲಿ ಕೂತು ಪತ್ರಿಕೆಗಳ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಿದ್ದೆವು. ಗೋಡೆಯ ಮೇಲೆ ಡಬ್ಬಗಳಿದ್ದ ಕಡೆ ಸುಣ್ಣ ಬೆಳ್ಳಗಿತ್ತು.

"ಒಂದು ನೀವಿಟ್ಕೊಳ್ಳಿ ಅಪ್ಪ" ಎಂದೆ.

"ಯಾಕ್ ಬುಡವ್ವ. ಒಂದೇ ಒಂದು ಇಟ್ಕಂಡು ಏನ್ ಮಾಡನೆ."

ಆಗ ನನ್ನ ಬಾಯಿಂದ ಬಂತು. ಯೋಚಿಸಿ ಹೇಳಿದ್ದಲ್ಲ. "ಅಪ್ಪ, ನಿಮಗೆ ಮರವಾಗಿರ್ನಿಲ್ಲ. ನವಿಲಿನ ಡಬ್ಬದಿಂದ ಅದನ್ನ ನಾನೇ ತಕ್ಕಂಡಿದ್ದೆ. ನನ್ ಪೆಟ್ಟಿಗೇಲಿತ್ತು."

ಅವರ ಬೆರಳು ಪತ್ರಿಕೆಯ ಮೂಲೆಯ ಮೇಲೆ ನಿಂತಿತು. ಬೈಯಲಿ, ಹೊಡೆಯಲಿ ಎಂದು ಕಾದೆ. ಅವರು ತಲೆ ಎತ್ತಿದಾಗ ಆ ಮುಖದಲ್ಲಿ ಕೋಪವಿರಲಿಲ್ಲ. ಆಷಾಢದಿಂದ ಈಚೆಗೆ ಕಾಣದಿದ್ದ ಒಂದು ಬೆಳಕು ಇತ್ತು.

"ಅಂಗಾರೆ ಒಂದು ಉಳ್ಕಂಡದೆ ಅನ್ನು" ಎಂದರು. ಅರಿಶಿನದ ಕೈಯನ್ನು ಪಂಚೆಗೆ ಒರೆಸಿಕೊಂಡರು. ಎರಡೂ ಅಂಗೈ ಜೋಡಿಸಿ ಮುಂದೆ ಚಾಚಿದರು. "ಎಲ್ಲಿ, ಕೊಡು ಮಗ. ಒಂದ್ಸಲ ನೋಡ್ತೀನಿ."

ನಾನು ಆ ಕೈಗಳನ್ನು ನೋಡಿದೆ. ರೇಖೆರೇಖೆಯಲ್ಲೂ ಮಸಿ ಕೂತಿತ್ತು.

"ಒಲೆಗಾಕ್ಬುಟ್ಟೆ ಅಪ್ಪ."

ಕೈಗಳು ಹಾಗೇ ಇದ್ದವು. ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲವೇನೋ ಎನ್ನುವಷ್ಟು ಹೊತ್ತು. ಆಮೇಲೆ ನಿಧಾನವಾಗಿ ಮಡಿಲಿಗೆ ಇಳಿದವು.

"ಓಗ್ಲಿ ಬುಡು" ಎಂದರು. ಅರಿಶಿನದ ಬಟ್ಟಲನ್ನು ನನ್ನ ಕಡೆ ಸರಿಸಿದರು. "ಹಚ್ಚು, ಒತ್ತಾಯ್ತು."

ಕತ್ತಲಾಗುವವರೆಗೆ ಇಬ್ಬರೂ ಹಚ್ಚಿದೆವು.